ಎರಡು ಎಡಭಾಗಗಳ ಒಡತಿಯಿಂದ ಲೇಸ್ ನಮೂನೆ ಬರೆದವರಿಗೆ

ಮಾನ್ಯರೇ,

ಬೆಳಗಿನ ಜಾವ ಮೂರು ಗಂಟೆಗೆ, ಹೆಣಿಗೆಯ ಕಡ್ಡಿ ಮಂಚದಿಂದ ನೆಲಕ್ಕುರುಳಿದ ಟಣ್ ಸದ್ದಿಗೆ ಎಚ್ಚೆತ್ತ ಈ ಬಡಪಾಯಿಯ ಸಾವಿರ ನಮಸ್ಕಾರಗಳನ್ನು ತಾವು ಸ್ವೀಕರಿಸಬೇಕು. ಮಗು ಏಳಲಿಲ್ಲ. ಅವಳು ಏಳದೆ ನಾನೊಬ್ಬಳೇ ಎದ್ದದ್ದು ಇದೇ ಮೊದಲಾದ್ದರಿಂದ, ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿ, ನಂಬಿಕೆ ಬಾರದೆ ಇನ್ನೊಮ್ಮೆ ನೋಡಿ, ಆಮೇಲೆ ತಮ್ಮ ನಮೂನೆ ಇರುವ ಜಾಲತಾಣದ ಪುಟದ ಅಡಿಯಲ್ಲೇ, ನಾಲ್ಕು ಜನ ಓದಲೆಂದು, ಇದನ್ನು ಬರೆಯುತ್ತಿದ್ದೇನೆ.

ಬೆಳಗಾದರೆ ಹೆರಿಗೆ ರಜೆ ಮುಗಿದು ನಾನು ಕೆಲಸಕ್ಕೆ ಹೋಗಬೇಕು. ಊಟದ ಹೊತ್ತಿಗೆ ಅತ್ತೆ ಮಗುವನ್ನು ಕಚೇರಿಗೆ ಎತ್ತಿಕೊಂಡು ಬರುತ್ತಾರೆ. ಮುಂದೆ ಗುಂಡಿ ಬಿಚ್ಚಿ ಹಾಲು ಕುಡಿಸಲಾಗುವ ಅಂಗಿಯೊಂದು ಬೇಕಿತ್ತು. ಹಳೆಯವಕ್ಕೆ ನನ್ನ ಗುರುತೇ ಹತ್ತುತ್ತಿಲ್ಲ. ಹಾಗಾಗಿ ತಮ್ಮ ಉಣ್ಣೆಯ ನಮೂನೆಯನ್ನು ಹತ್ತಿ ನೂಲಿಗೆ ಒಗ್ಗಿಸಿದೆ. ಉಣ್ಣೆ ಎಳೆದರೂ ಹಿಂದಕ್ಕೆ ಬರುತ್ತದೆ, ಹತ್ತಿ ಜೋತುಬಿದ್ದರೆ ಜೋತುಬಿದ್ದದ್ದೇ ಎಂದು ತಿಳಿದು, ಕುಣಿಕೆಗಳನ್ನು ಕಡಿಮೆ ಮಾಡಿ, ಲೇಸಿನ ಒಂದೊಂದು ತೂತಿಗೂ ಎರಡೆರಡು ಕುಣಿಕೆಗಳನ್ನು ಒಂದಾಗಿ ಹೆಣೆದು, ಅಂಗಿಯ ಮುಂದಿನ ಎಡಭಾಗವನ್ನು ಮುಗಿಸಿದೆ. ತಾವು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದಿರಿ, ಸಂತೋಷದಿಂದ.

ಬಲಭಾಗಕ್ಕೆ ತಾವು ದಯಪಾಲಿಸಿದ್ದು ಒಂದೇ ಸಾಲು: 'ಇನ್ನೊಂದು ಭಾಗವನ್ನು ಇದೇ ರೀತಿ, ತಿರುವುಮುರುವಾಗಿ ಹೆಣೆಯಿರಿ.' ಎಂಥ ಮಿತವ್ಯಯ! ನಿದ್ದೆಗಣ್ಣಿಗೆ 'ಇದೇ ರೀತಿ' ಮಾತ್ರ ಕಂಡಿತು. ಈಗ ನನ್ನ ಬಳಿ ಎರಡು ಎಡಭಾಗಗಳಿವೆ. ತಾವು ದಯವಿಟ್ಟು ಶಿಶುಪಾಲನೆಯ ಪುಸ್ತಕವನ್ನೂ ಬರೆಯಬೇಕೆಂದು ನನ್ನ ಪ್ರಾರ್ಥನೆ. ಹಗಲಿನ ಅಧ್ಯಾಯ ಬರೆದು, ರಾತ್ರಿಗೆ 'ತಿರುವುಮುರುವಾಗಿ' ಎಂದರೆ ಸಾಕು. ನನ್ನ ಮಗಳು ಅದನ್ನು ಓದದೆಯೇ ಪಾಲಿಸುತ್ತಿದ್ದಾಳೆ.

ಎಬ್ಬಿಸಿ ತೋರಿಸಿದರೆ ಯಜಮಾನರು ಒಂದು ಕಣ್ಣು ಮಾತ್ರ ತೆರೆದು, "ಅದಕ್ಕೇನೀಗ, ಒಂದನ್ನ ಮಗುಚಿ ಹೊಲಿದುಬಿಡೇ, ಯಾರು ನೋಡ್ತಾರೆ?" ಎಂದು ಅದನ್ನೂ ಮುಚ್ಚಿದರು. ನೀರು ಕುಡಿಯಲೆದ್ದ ಅತ್ತೆಯವರದು ದೂರದೃಷ್ಟಿ: "ಬಿಚ್ಚಬೇಡ ಕಣಮ್ಮ, ಎತ್ತಿಡು. ಇನ್ನೊಂದು ಮಗು ಆದಾಗ ಎರಡು ಬಲಭಾಗ ಹೆಣೆದರೆ ಎರಡು ಅಂಗಿ ಆಗುತ್ತೆ."

ನಗು ಬಂದರೂ ನಗುವಂತಿಲ್ಲ. ಅಳತೆಗೆಂದು ಎಡಭಾಗವನ್ನು ಹೆಗಲಿಗೆ ಹಾಕಿಕೊಂಡ ದಿನದಿಂದ ಮಗಳು ಲೇಸಿನ ತೂತಿಗೆ ಬೆರಳು ಸಿಕ್ಕಿಸಿಕೊಂಡೇ ಹಾಲು ಕುಡಿಯುತ್ತಾಳೆ. ಬಾಟಲಿಯನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಕಚೇರಿಯ ಗುರುತಿಲ್ಲದ ಕೋಣೆಯಲ್ಲಿ, ಗುರುತಿಲ್ಲದ ಅಂಗಿಯೆದುರು ಅವಳು ಬಾಯಿ ತೆರೆಯದಿದ್ದರೆ ನಾನೇನು ಮಾಡಲಿ? ಆದ್ದರಿಂದ ತಾವು ಒಂದೇ ಮಾತು ಹೇಳಿ: ಮಗುಚಿ ಹೊಲಿದರೆ, ಒಳಮೈಯ ಗಂಟುಗಳು ಹೊರಗೆ ಬಂದರೂ, ತೂತುಗಳು ಆ ಬೆರಳಿಗೆ ಸಿಗುವ ಹಾಗೆಯೇ ಉಳಿಯುತ್ತವೆಯೇ? ಹೌದೆಂದರೆ ಈಗಲೇ ಸೂಜಿ ಎತ್ತಿಕೊಳ್ಳುತ್ತೇನೆ. ಲೋಕ ನನ್ನ ಗಂಟುಗಳನ್ನು ನೋಡಿಕೊಳ್ಳಲಿ.

ತಮ್ಮ ಒಂದೇ ಸಾಲನ್ನು ನಂಬಿ ಕೆಟ್ಟರೂ ಇನ್ನೂ ತಮ್ಮ ವಿಶ್ವಾಸಿಯೇ ಆಗಿರುವ,
ಒಬ್ಬ ತಾಯಿ

ತಾ.ಕ.: ನನ್ನ ಫೋನ್ ನಂಬರನ್ನು ತಮ್ಮ ಪುಟದ ಖಾಸಗಿ ಪೆಟ್ಟಿಗೆಗೆ ಹಾಕಿದ್ದೇನೆ. ಗಂಟೆಯ ಸದ್ದಿಗೆ ಮಗು ಎದ್ದೀತೆಂದು ಸಂಕೋಚ ಬೇಡ. ಎದ್ದರೆ ಫೋನನ್ನು ಅವಳ ಬಾಯಿಗೇ ಹಿಡಿಯುತ್ತೇನೆ. ನಾನು ಇಷ್ಟುದ್ದ ಬರೆದದ್ದನ್ನು ಅವಳು ಒಂದೇ ಉಸಿರಿಗೆ, ಇನ್ನೂ ಸ್ಪಷ್ಟವಾಗಿ ಹೇಳುತ್ತಾಳೆ. ಮಾಡಿ ಪುಣ್ಯಾತ್ಮರೇ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.