ಶವವಾಹನಕ್ಕೆ ಕೆಂಪು ಚೀಟಿ

ಯಜಮಾನರು ತೀರಿಕೊಂಡ ಸುದ್ದಿ ಕಾರು ಮಳಿಗೆಗೆ ಬೆಳಿಗ್ಗೆ ಎಂಟು ಗಂಟೆಗೆ ತಲುಪಿತು. ಎಂಟೂ ಐದಕ್ಕೆ ಕಂಪನಿಯ ಕಾಗದ ತಲುಪಿತು. ಗುಮಾಸ್ತ ಚೀಟಿಯಪ್ಪ ಮೊದಲನೆಯದಕ್ಕೆ ಅಳುತ್ತಲೇ ಎರಡನೆಯದನ್ನು ಓದಿದ. ಅಂದಿನ ತಾಪತ್ರಯವೆಲ್ಲ ಹುಟ್ಟಿದ್ದು ಹಾಗೆ.

ಕಾಗದದಲ್ಲಿದ್ದುದು ಇಷ್ಟು: ಕಳೆದ ವರ್ಷ ತಯಾರಾದ ಕೆಲವು ವ್ಯಾನುಗಳ ಹಿಂಬಾಗಿಲಿನ ಚಿಲಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಂಪನಿ ಅವನ್ನು ವಾಪಸು ಕರೆದಿದೆ. ಹೊಸ ಚಿಲಕ ಕೂರಿಸುವ ತನಕ ಡೀಲರು ಅವನ್ನು ಓಡಿಸಕೂಡದು. ಕೆಳಗೆ ಗಾಡಿಗಳ ನಂಬರು. ಅಂಥ ಗಾಡಿಗೆ ಕೆಂಪು ಚೀಟಿ ಕಟ್ಟುವುದು ಚೀಟಿಯಪ್ಪನ ಕೆಲಸ. ಇಪ್ಪತ್ತಾರು ವರ್ಷ ಕಟ್ಟಿ ಕಟ್ಟಿಯೇ ಆ ಹೆಸರು ಬಂದದ್ದು.

ಶೆಡ್ಡಿನಲ್ಲಿ ಎರಡು ಬಿಳಿ ವ್ಯಾನುಗಳು ಅವಳಿಜವಳಿಯಂತೆ ನಿಂತಿದ್ದವು. ಒಂದು ಸಾಮಾನು ಸಾಗಿಸುವುದು. ಇನ್ನೊಂದು ಯಜಮಾನರು ಊರಿಗೆ ಪುಕ್ಕಟೆಯಾಗಿ ಬಿಟ್ಟಿದ್ದ ಶವವಾಹನ. ದಾನದ ಗಾಡಿಯ ಮೇಲೆ ಹೆಸರು ಬರೆಸುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಚೀಟಿಯಪ್ಪ ಕಣ್ಣೊರೆಸಿಕೊಳ್ಳುತ್ತ ನಂಬರು ಹುಡುಕಿ ಶವವಾಹನಕ್ಕೆ ಚೀಟಿ ಕಟ್ಟಿದ.

"ಅಲ್ಲಯ್ಯಾ," ಎಂದ ಗಾಡಿ ರಿಪೇರಿಯ ಮೇಸ್ತ್ರಿ, "ಸಾಯಂಕಾಲ ಯಜಮಾನರು ಹೋಗಬೇಕಾದ್ದು ಇದರಲ್ಲೇ ಅಲ್ವಾ?"

ಚೀಟಿಯಪ್ಪನಿಗೆ ಆಗ ಹೊಳೆಯಿತು. ಈ ಡೀಲರ್‌ಶಿಪ್ ಕಿತ್ತು ಬೇರೊಬ್ಬ ಸಾಹುಕಾರನಿಗೆ ಕೊಡಲು ಕಂಪನಿ ಎರಡು ವರ್ಷದಿಂದ ಹೊಂಚು ಹಾಕುತ್ತಿತ್ತು. ತಕ್ಕ ಕಾರಣವಿಲ್ಲದೆ ಡೀಲರನ್ನು ತೆಗೆಯಬಾರದು, ಅವನು ಸತ್ತರೆ ಮಕ್ಕಳಿಗೆ ಬಿಡಬೇಕು ಎಂಬ ಕಾಯಿದೆಯೊಂದೇ ಅಡ್ಡ ನಿಂತಿತ್ತು. ವಾಪಸು ಕರೆದ ಗಾಡಿ ಓಡಿತೋ, ತಕ್ಕ ಕಾರಣವನ್ನು ತಾವೇ ಕೈಯಾರೆ ಕೊಟ್ಟಂತೆ. ಯಜಮಾನರ ಮಗಳೂ ಇಪ್ಪತ್ತೆರಡು ಮಂದಿ ಕೆಲಸಗಾರರೂ ಬೀದಿಗೆ.

ಅವನು ಕಂಪನಿಯ ಉಗ್ರಾಣಕ್ಕೆ ಫೋನು ಮಾಡಿದ.

"ಚಿಲಕ ಇದೆ. ಡೀಲರ ರುಜು ಹಾಕಿಸಿ ಕಳಿಸಿ, ಕೊಡ್ತೀವಿ."

"ಅವರು ತೀರಿಕೊಂಡರು ಸ್ವಾಮಿ."

"ಅಯ್ಯೋ ಪಾಪ. ಹಾಗಾದರೆ ನಾಳೆ ಹಾಕಿಸಿ."

ಮಧ್ಯಾಹ್ನದ ಹೊತ್ತಿಗೆ ಮಳಿಗೆಯೊಳಗಿನ ಕಾರುಗಳನ್ನೆಲ್ಲ ಹೊರಗಿಟ್ಟು ಯಜಮಾನರನ್ನು ನಡುವೆ ಮಲಗಿಸಿದ್ದರು. ಜನ ಬರುತ್ತಿದ್ದರು. ಬಂದವರೆಲ್ಲ ಯಜಮಾನರಿಗೆ ಕೈಮುಗಿದು ನೇರವಾಗಿ ಚೀಟಿಯಪ್ಪನಿಗೆ ಬುದ್ಧಿ ಹೇಳಲು ಹೋಗುತ್ತಿದ್ದರು.

"ಒಂದು ಮೈಲಿ ದಾರಿಗೆ ಎಂಥಾ ಕಾಯಿದೆ ಮಾರಾಯ? ಹಗ್ಗ ಕಟ್ಟು," ಎಂದ ಮೇಸ್ತ್ರಿ.

"ಗಟ್ಟಿ ದಾರ ಇದೆ. ಬಾಗಿಲು ಹೊಲಿದುಕೊಡಲಾ?" ಎಂದ ಎದುರು ಅಂಗಡಿಯ ಟೈಲರು.

"ಆ ಇನ್ನೊಂದು ವ್ಯಾನಿದೆಯಲ್ಲ..." ಎಂದು ಚೀಟಿಯಪ್ಪ ಬಾಯಿ ತೆರೆದದ್ದೇ ತಡ, ಯಜಮಾನರ ಅಕ್ಕ ಎದ್ದು ನಿಂತರು.

"ಸಾಮಾನಿನ ಗಾಡೀಲಿ ನನ್ನ ತಮ್ಮನ್ನ ಹಾಕ್ತೀಯೇನೋ? ಅವನೇನು ಟೈರಾ?"

ಚೀಟಿಯಪ್ಪ ಬಿಸಿ ಹೆಂಚಿನ ಮೇಲಿನ ನೀರಹನಿಯಂತೆ ಶೆಡ್ಡಿಗೂ ಮಳಿಗೆಗೂ ಚಟಪಟನೆ ಓಡಾಡಿದ. ಕಾಗದವನ್ನು ಹನ್ನೆರಡು ಸಲ ಓದಿದ. ಹದಿಮೂರನೆಯ ಸಲ ಯಜಮಾನರ ಮಗಳು ಬಂದು ಪಕ್ಕದಲ್ಲಿ ನಿಂತಳು. ಅತ್ತೂ ಅತ್ತೂ ಅವಳ ದನಿ ಬಿದ್ದುಹೋಗಿತ್ತು.

"ಚೀಟಿ ಮಾಮ, ಕೆಂಪು ಚೀಟಿಯ ಗಾಡಿ ತಮ್ಮಪ್ಪ ಬಂದು ಕೇಳಿದರೂ ಹೊರಗೆ ಓಡಬಾರದು ಅಂತಿದ್ದರು ಅಪ್ಪ. ಆ ಮಾತು ಅಪ್ಪನಿಗೂ ಸಲ್ಲಲಿ. ಓಡಿಸೋದು ಬೇಡ, ತಳ್ಳಿಕೊಂಡು ಹೋಗೋಣ."

ಚೀಟಿಯಪ್ಪನಿಗೆ ಹೋದ ಉಸಿರು ಬಂತು.

ನಾಲ್ಕಕ್ಕೆ ಮೆರವಣಿಗೆ ಹೊರಟಿತು. ಎಂಜಿನ್ ಹಚ್ಚಲಿಲ್ಲ. ಮೇಸ್ತ್ರಿ ಸ್ಟೇರಿಂಗ್ ಹಿಡಿದ, ಕೆಲಸಗಾರರು ಅಕ್ಕಪಕ್ಕ ಕೈ ಹಚ್ಚಿದರು, ಚೀಟಿಯಪ್ಪ ಹಿಂಬಾಗಿಲಿಗೆ ಬೆನ್ನು ಕೊಟ್ಟು ಹಿಂದುಮುಂದಾಗಿ ನಡೆದ. ಸ್ಮಶಾನದ ದಾರಿ ಪೂರ್ತಿ ಏರು. ಅರ್ಧದಲ್ಲಿ ಕೋಟು ತೊಟ್ಟ ಅಪರಿಚಿತರೊಬ್ಬರು ಬಂದು ಸುಮ್ಮನೆ ಹೆಗಲು ಕೊಟ್ಟರು. ಏರು ಮುಗಿದ ಮೇಲೆ ಬೆವರೊರೆಸಿಕೊಂಡು, "ಕಂಪನಿಯ ತಪಾಸಣಾಧಿಕಾರಿ ನಾನು," ಎಂದರು.

ಮೇಸ್ತ್ರಿ ಬ್ರೇಕು ಒತ್ತಿದ.

"ಗಾಡಿ ಓಡಿಸಿಲ್ಲ, ತಪ್ಪಿಲ್ಲ. ಇಂಥ ಡೀಲರನ್ನು ತೆಗೆಯೋಕೆ ಯಾರಿಗೂ ಕಾರಣ ಸಿಗೋಲ್ಲ. ಹಾಗಂತಲೇ ಬರೀತೀನಿ," ಎಂದು ಅವರು ಬಾಗಿ ಗಾಡಿಯ ನಂಬರು ನೋಡಿದರು. ಪಟ್ಟಿ ನೋಡಿದರು. ಮತ್ತೆ ನಂಬರು ನೋಡಿದರು. "ಅಲ್ರೀ, ಇದು ಪಟ್ಟಿಯಲ್ಲೇ ಇಲ್ಲ. ಇದನ್ನು ಯಾಕ್ರೀ ತಳ್ಳಿದಿರಿ?"

"ಇಲ್ಲವೇ? ಹಾಗಾದರೆ ಆ ಇನ್ನೊಂದು..." ಎಂದು ಚೀಟಿಯಪ್ಪ ಬಂದ ದಾರಿಯತ್ತ ತಿರುಗಿದ.

ಆಗಲೇ ಹಿಂದಿನಿಂದ ಹಾರನ್ ಕೇಳಿಸಿತು. ಯಜಮಾನರ ಅಕ್ಕನನ್ನು ಮುಂದೆ ಕೂರಿಸಿಕೊಂಡು, ಬಂದವರಿಗೆಂದು ನಲವತ್ತು ಕುರ್ಚಿ ತುಂಬಿಕೊಂಡು, ಸಾಮಾನಿನ ವ್ಯಾನು ಭರ್ರನೆ ಏರು ಹತ್ತುತ್ತಿತ್ತು. ಕೊನೆಯ ತಿರುವಿನಲ್ಲಿ ಅದರ ಹಿಂಬಾಗಿಲು ನಿಧಾನವಾಗಿ, ಮನೆಗೆ ಬಂದ ನೆಂಟರಿಗೆ ತೆರೆದಂತೆ, ತೆರೆದುಕೊಂಡಿತು. ಶಾಲೆ ಬಿಟ್ಟ ಮಕ್ಕಳಂತೆ ಕುರ್ಚಿಗಳು ಹೊರಗೆ ಜಿಗಿದು ಇಳಿಜಾರಿನಲ್ಲಿ ಉರುಳಿದವು. ಒಂದೇ ಒಂದು ಕುರ್ಚಿ ದಾರಿ ತಪ್ಪಿ ಪಲ್ಟಿ ಹೊಡೆದು ಅಧಿಕಾರಿಯ ಎದುರು ನೆಟ್ಟಗೆ ನಿಂತಿತು, ದಯಮಾಡಿಸಿ ಎನ್ನುವಂತೆ.

ಅಧಿಕಾರಿ ಅದರ ಮೇಲೆಯೇ ಕೂತು ಡೀಲರ್‌ಶಿಪ್ ರದ್ದತಿಯ ನೋಟೀಸು ಬರೆದರು.

"ನನ್ನ ಮನಸ್ಸಿಗೂ ನೋವೇ. ಆದರೆ ಕಣ್ಣಾರೆ ಕಂಡೆ. ಕಾಯಿದೆ ಪ್ರಕಾರ ತೊಂಬತ್ತು ದಿನ ಕಾಲ ಇದೆ. ಅಷ್ಟರಲ್ಲಿ ಹೊಸ ಚಿಲಕ ಕೂರಿಸಿ, ತಪ್ಪಿಗೆ ಉತ್ತರ ಕೊಟ್ಟರೆ ಡೀಲರ್‌ಶಿಪ್ ಉಳಿಯುತ್ತೆ."

"ಕೊಡ್ತೀವಿ ಸ್ವಾಮಿ, ನಾಳೆಯೇ ಕೊಡ್ತೀವಿ. ಉತ್ತರಕ್ಕೆ ರುಜು ಯಾರದು?" ಎಂದ ಚೀಟಿಯಪ್ಪ.

"ಡೀಲರದು."

"ಮಗಳು ಹಾಕಬಹುದಾ?"

"ಡೀಲರ್‌ಶಿಪ್ ಅವರ ಹೆಸರಿಗೆ ಆದಮೇಲೆ ಧಾರಾಳವಾಗಿ. ಆದರೆ ನೋಟೀಸು ಇತ್ಯರ್ಥ ಆಗೋ ತನಕ ಹೆಸರು ಬದಲಾಯಿಸೋ ಹಾಗಿಲ್ಲ."

ಚೀಟಿಯಪ್ಪ ಶವವಾಹನದ ಕೆಂಪು ಚೀಟಿ ಬಿಚ್ಚಿ ಜೇಬಿಗಿಟ್ಟುಕೊಂಡ. ಒಳಗೆ ಯಜಮಾನರು ಮಲಗಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅವರು ಅಷ್ಟು ನಿಶ್ಚಿಂತೆಯಿಂದ ಇದ್ದುದನ್ನು ಅವನು ಕಂಡಿರಲಿಲ್ಲ. ಒಂದೇ ಒಂದು ರುಜುವಿಗೆ ಅವರನ್ನು ಎಬ್ಬಿಸೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ತಪ್ಪು ತಪ್ಪು ಎಂದು ಕೆನ್ನೆ ತಟ್ಟಿಕೊಂಡು ಕೈ ಜೋಡಿಸಿದ.

"ದೇವರೇ, ನಮ್ಮ ಪಾಡು ಹೇಗೋ ಆಗುತ್ತೆ. ಅವರ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಮಡಿಲಿಂದ ಅವರನ್ನು ಯಾರೂ, ಯಾವ ಕಾರಣಕ್ಕೂ, ವಾಪಸು ಕರೆಯದಿರಲಿ."