ಹನ್ನೊಂದನೆಯ ನಿಮಿಷ

ತನ್ನ ಪಾಠವನ್ನು ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆಂದು ತಿಳಿಯುವುದಕ್ಕಿಂತ ದೊಡ್ಡ ಸುಖ ಮೇಷ್ಟರಿಗಿಲ್ಲ. ಯಾಕೆ ಕೇಳುತ್ತಾರೆಂದು ವಿಚಾರಿಸದಿದ್ದರೆ ಆ ಸುಖ ಉಳಿಯುತ್ತದೆ. ನಾನು ವಿಚಾರಿಸಿದೆ.

ತೆಲುಗು ಸೀಮೆಯ ಆದೋನಿಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಹೇಳುತ್ತೇನೆ. ಹಳ್ಳಿಯ ಕನ್ನಡ ಶಾಲೆಗಳಿಂದ ಬಂದವರಿಗೆ ಇಲ್ಲಿಯ ಇಂಗ್ಲಿಷ್ ಪಾಠ ತಲೆಗೆ ಹತ್ತುವುದಿಲ್ಲ. ಪೆದ್ದಕಡುಬೂರಿನ ನೀಲಮ್ಮ ಒಂದು ದಿನ, "ಸರ್, ಇದು ನನ್ನ ಕೈಲಿ ಆಗಂಗಿಲ್ರಿ. ಕಾಲೇಜ್ ಬಿಡ್ತೀನಿ" ಎಂದಳು. ಅವಳಂಥವರಿಗಾಗಿ ಕಾಲೇಜಿನ ಆನ್‌ಲೈನ್ ತಾಣಕ್ಕೆ ಕನ್ನಡದಲ್ಲಿ ಪಾಠ ಹಾಕಲು ಹೊರಟೆ. ಮೊದಲನೆಯದು ಜಡತ್ವ. ಮನೆಯಲ್ಲೇ ಕೋಣೆಯ ಬಾಗಿಲು ಎಳೆದುಕೊಂಡು, ಫೋನನ್ನು ಎರಡು ನಿಘಂಟುಗಳ ಮೇಲೆ ನಿಲ್ಲಿಸಿ, ಒಂದೊಂದು ಪದವನ್ನೂ ತೂಗಿ ನುಡಿದೆ. ಚಿಲಕ ಹಾಕಿರಲಿಲ್ಲ. ನಡುವೆ ಹೆಂಡತಿ ಬಂದು ಏನೋ ಅಂದಳು. ಫೋನಿಗೆ ಕೇಳಿಸಿರಲಾರದು ಎಂದುಕೊಂಡೆ. ನನ್ನ ಮುಖ ನಾನೇ ನೋಡುವ ಧೈರ್ಯವಾಗದೆ ಹಾಗೆಯೇ ತಾಣಕ್ಕೆ ಹಾಕಿಬಿಟ್ಟೆ.

ವಾರ ಕಳೆದ ಮೇಲೆ, ಯಾವ ಭಾಗವನ್ನು ಎಷ್ಟು ಸಲ ನೋಡಿದ್ದಾರೆಂಬ ಗೆರೆಯನ್ನು ತಾಣ ತೋರಿಸಿತು. ಉದ್ದಕ್ಕೂ ಹತ್ತಿಹೊಲದಂತೆ ಮಟ್ಟಸ. ಹನ್ನೊಂದನೆಯ ನಿಮಿಷದಲ್ಲಿ ಮಾತ್ರ ನಮ್ಮೂರ ಕೋಟೆಯ ಗುಡ್ಡ. ನನ್ನ ವ್ಯಾಖ್ಯೆ ಇರುವುದೇ ಅಲ್ಲಿ. ಎರಡು ದಿನ ತಲೆಯೆತ್ತಿ ನಡೆದೆ. ಮೂರನೆಯ ದಿನ ನೀಲಮ್ಮನನ್ನು ಕೇಳಿದೆ.

"ಅಲ್ಲಿ ಮೇಡಂ ಬರ್ತಾರಲ್ರೀ ಸರ್" ಎಂದಳು.

"ಯಾವ ಮೇಡಂ?"

"ಸಾರ್‌ಕೇ ತೆಲೀದಂಟೆ!" ಎಂದು ಪಕ್ಕದ ಗೆಳತಿ ತೆಲುಗಿನಲ್ಲಿ ಪಿಸುಗುಟ್ಟಿದಳು. ಸರ್‌ಗೇ ಗೊತ್ತಿಲ್ಲವಂತೆ!

ನೀಲಮ್ಮ ಫೋನು ತೋರಿಸಿದಳು. ನನ್ನ ಬೆನ್ನ ಹಿಂದೆ ಬಾಗಿಲು ತೆರೆಯುತ್ತದೆ. ಖಾಲಿ ಕೊಡ ಹಿಡಿದ ನನ್ನ ಹೆಂಡತಿ. "ನೀರು ಬಂದು ಅರ್ಧ ತಾಸಾತು! ಈ ಮನುಷ್ಯಾ ಕುಂತ್ರ ಏಳಂಗಿಲ್ಲ, ಎದ್ದು ಹೊಂಟ್ರ ನಿಲ್ಲಂಗಿಲ್ಲ. ಎಬ್ಬಿಸಾಕೂ ನಾನಾ ಬರಬೇಕು, ನಿಲ್ಲಿಸಾಕೂ ನಾನಾ ಬರಬೇಕು!" ನಾನು ತಿರುಗಿಯೂ ನೋಡದೆ, "ಇದನ್ನೇ ಬಾಹ್ಯ ಬಲ ಎನ್ನುತ್ತೇವೆ" ಎನ್ನುತ್ತಿದ್ದೇನೆ.

ಫೋನಿನಿಂದ ಕಣ್ಣು ತೆಗೆಯದೆ ಕೇಳಿದೆ, "ಎಲ್ಲಾರೂ ನೋಡ್ಯಾರೇನು?"

"ಗೋನೆಗಂಡ್ಲದಾಗ ನಮ್ಮ ಅತ್ತಿನೂ ನೋಡ್ಯಾಳ್ರಿ." ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಆದ್ರ ಸರ್, ಜಡತ್ವ ಅಂದ್ರೇನಂತ ಈಗ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ. ಕಾಲೇಜ್ ಬಿಡಂಗಿಲ್ಲ. ಇನ್ನೊಂದು ಪಾಠ ಹಾಕ್ರಿ. ಬಾಗಿಲ ಮಾತ್ರ ಹಾಕಬ್ಯಾಡ್ರಿ."

ಈಗ ಎರಡನೆಯ ಪಾಠಕ್ಕೆ ಕುಳಿತಿದ್ದೇನೆ. ವಿಷಯ ಘರ್ಷಣೆ. ಬಾಗಿಲು ಪೂರ್ತಿ ತೆರೆದಿದೆ. ಹನ್ನೊಂದು ನಿಮಿಷ ದಾಟಿ ಹದಿಮೂರಾಯಿತು, ಹೆಂಡತಿಯ ಸುಳಿವಿಲ್ಲ. ನಾನೇ ಎದ್ದು ಹೋಗಿ ಕರೆಯಬಹುದು. ಆದರೆ ನನ್ನನ್ನು ಎಬ್ಬಿಸುವ ಬಲ ಅಡುಗೆಮನೆಯಲ್ಲಿದೆ.