ಮಡಿವಾಳಯ್ಯನ ಮ್ಯಾಂಚೆಸ್ಟರ್

ವಾಡಿ ಜಂಕ್ಷನ್ನಿನ ಗೂಡ್ಸ್ ಗುಮಾಸ್ತ ಮಡಿವಾಳಯ್ಯ ಜನ್ಮದಲ್ಲಿ ಒಂದು ಚೆಂಡನ್ನೂ ಒದ್ದವನಲ್ಲ. ಒಮ್ಮೆ ಶಹಾಬಾದಿನ ಮೈದಾನದಲ್ಲಿ ಸಾಹೇಬರ ಆಟ ನೋಡಲು ಹೋಗಿದ್ದಾಗ, ತನ್ನತ್ತ ಉರುಳಿಬಂದ ಚೆಂಡಿಗೆ ದಾರಿ ಬಿಟ್ಟು ಕೈಕಟ್ಟಿ ನಿಂತಿದ್ದ. ಅಂಥವನ ಸಂಸಾರ ಸಮುದ್ರದಾಚೆಯ ಫುಟ್‌ಬಾಲಿನಿಂದ ಕೆಟ್ಟಿತೆಂದರೆ ಯಾರು ನಂಬುತ್ತಾರೆ? ನಾಲವಾರದ ಅವನ ಅತ್ತೆಯಂತೂ ಇವತ್ತಿಗೂ ನಂಬಿಲ್ಲ.

ತಪ್ಪು ಅವನದಲ್ಲ, ಬಟ್ಟೆಯದು. ಸೇಡಂ, ಚಿತ್ತಾಪುರ, ಚಿಂಚೋಳಿಯ ವ್ಯಾಪಾರಿಗಳಿಗೆ ಬರುವ ಬಟ್ಟೆಯ ಗಂಟುಗಳು ವಾಡಿಯ ಗೂಡ್ಸ್ ಶೆಡ್ಡಿನಲ್ಲಿ ಇಳಿಯುತ್ತಿದ್ದವು. ಒಂದೊಂದರ ಮೇಲೂ ಕಪ್ಪು ಮಸಿಯಲ್ಲಿ ‘ಮ್ಯಾಂಚೆಸ್ಟರ್’ ಎಂಬ ಮುದ್ರೆ. ಅಕ್ಷರ ಕಲಿತ ಮೇಲೆ ಮಡಿವಾಳಯ್ಯ ಅತಿ ಹೆಚ್ಚು ಸಲ ಓದಿದ ಊರಿನ ಹೆಸರು ಅದೇ. ಲಗ್ನದಲ್ಲಿ ಉಟ್ಟ ಧೋತರವೂ ಅಲ್ಲಿಯದೇ. (ಖಾದಿಯವರು ಕ್ಷಮಿಸಬೇಕು. ಮುಂದೆ ಅವನು ಪಟ್ಟ ಪಾಡು ಕೇಳಿದರೆ ಖಂಡಿತ ಕ್ಷಮಿಸುತ್ತಾರೆ.) ಹೀಗಿರುವಾಗ, ಮೇಲ್ ಗಾಡಿಯ ಡ್ರೈವರ್ ಪಿಂಟೋ ಸಾಹೇಬರು ತಾವು ಓದಿ ಮುಗಿಸಿದ ವಿಲಾಯತಿ ಪೇಪರನ್ನು ವಾರಕ್ಕೊಂದರಂತೆ ಅವನಿಗೆ ಕೊಡತೊಡಗಿದರು. ಅದರಲ್ಲಿ ಕಂಡಿತು: ಆ ದೇಶದ ಚೆಂಡಾಟದ ಲೀಗಿನಲ್ಲಿ ಮೂವತ್ತೇಳನೆಯ ಇಸವಿಯ ಪಟ್ಟ ಮ್ಯಾಂಚೆಸ್ಟರ್ ಸಿಟಿಗೆ! ತನ್ನ ಧೋತರದ ಊರು ಚಕ್ರವರ್ತಿಯಾಗಿದೆ ಎಂದು ಮಡಿವಾಳಯ್ಯನ ಎದೆ ಉಬ್ಬಿತು. ಮುಂದಿನ ವರ್ಷದ ಆಟಗಳು ಶುರುವಾಗುವಷ್ಟರಲ್ಲಿ ಅವನು ಆ ತಂಡದ ಪರಮಭಕ್ತನಾಗಿದ್ದ.

ಆದರೆ ಚಕ್ರವರ್ತಿಗಳು ಆ ವರ್ಷ ಯಾಕೋ ಎಡವತೊಡಗಿದರು. ಒಂದು ವಾರ ಸೋಲು, ಇನ್ನೊಂದು ವಾರವೂ ಸೋಲು. ಸೋಲಿನ ಪೇಪರು ಬಂದ ದಿನ ಮಡಿವಾಳಯ್ಯ ಪುಂಡಿಪಲ್ಯ ಹುಳಿ ಎನ್ನುತ್ತಿದ್ದ, ರೊಟ್ಟಿ ದಪ್ಪ ಎನ್ನುತ್ತಿದ್ದ.

“ಯಾವನರೆ ಸತ್ತಾನೇನ್ರಿ ಆ ಪೇಪರಿನ್ಯಾಗ?” ಎಂದು ಹೆಂಡತಿ ಶಿವಕಾಂತಮ್ಮ ಕೇಳುತ್ತಿದ್ದಳು.

“ನಿನಗ ತಿಳಿಯಂಗಿಲ್ಲ ಬಿಡು.”

ಅವಳಿಗೆ ತಿಳಿಯುವುದಿಲ್ಲ ಎನ್ನುವುದು ಆ ಮನೆಯ ಎಲ್ಲ ವಾದಗಳ ಕಡೆಯ ಮಾತು. ಆರು ವರ್ಷದ ಸಂಸಾರದಲ್ಲಿ ಮಡಿವಾಳಯ್ಯ ಒಂದು ವಾದವನ್ನೂ ಸೋತಿರಲಿಲ್ಲ.

ಒಮ್ಮೆ ಬಸುರಿ ತಂಗಿಯ ಕುಪ್ಪಸದ ಕಾರ್ಯಕ್ಕೆಂದು ಶಿವಕಾಂತಮ್ಮ ತವರೂರು ನಾಲವಾರಕ್ಕೆ ಹೋದಳು. ಮರುದಿನ ಬಂದ ಪೇಪರಿನಲ್ಲಿ ಮ್ಯಾಂಚೆಸ್ಟರ್ ಗೆದ್ದಿತ್ತು. ಅವಳು ತಿರುಗಿ ಬಂದಳು, ಪೇಪರಿನಲ್ಲಿ ಸೋಲು. ಚಳಿ ಇಳಿಯುವ ಹೊತ್ತಿಗೆ ಅಪ್ಪನಿಗೆ ಮೈ ನೆಟ್ಟಗಿಲ್ಲವೆಂದು ಮತ್ತೆ ಹೋದಳು. ಆ ವಾರದ ಪೇಪರು ಬಿಚ್ಚಿದರೆ ಏಳು ಗೋಲಿನ ಗೆಲುವು! ಮಡಿವಾಳಯ್ಯನ ತಲೆಯಲ್ಲಿ ದೀಪ ಹತ್ತಿತು. ಕಾರ್ಯಕಾರಣ ಸಂಬಂಧವು ದಿವ್ಯಜ್ಞಾನದಂತೆ ಗೋಚರಿಸಿತು. ಹೆಂಡತಿ ಮನೆಯಲ್ಲಿದ್ದರೆ ಸೋಲು, ತವರಿನಲ್ಲಿದ್ದರೆ ಗೆಲುವು.

ಮುಂದಿನ ಪೇಪರು ಬರುವ ಹಿಂದಿನ ದಿನ ಅವನು ಬೆಲ್ಲದಂಥ ದನಿಯಲ್ಲಿ ಕೇಳಿದ: “ಶಿವಕಾಂತಾ, ನಿಮ್ಮವ್ವನ್ನ ನೋಡಬೇಕು ಅನಸಂಗಿಲ್ಲೇನು?”

ಶಿವಕಾಂತಮ್ಮ ಕೈಯಲ್ಲಿದ್ದ ರೊಟ್ಟಿ ತಟ್ಟುವುದನ್ನೇ ಮರೆತಳು. ಪಂಚಮಿಗೆ ಕಳಿಸೆಂದರೂ ನೂರು ನೆವ ಹೇಳುತ್ತಿದ್ದ ಗಂಡ ಇವನೇ? ಅವಳು ಸಂಭ್ರಮದಿಂದ ಹೊರಟಳು. ಪಕ್ಕದ ಕ್ವಾರ್ಟರ್ಸಿನ ಹಸೀನಾಬೇಗಂ, “ನಸೀಬ್ ಮಾಡಿ ಬಂದೀ ನೋಡವ್ವಾ. ನಮ್ಮವರು ನಾ ಹಿತ್ತಲಕ್ಕ ಹೋದ್ರೂ ಹೊಳ್ಳಿ ಯಾವಾಗ ಬರ್ತಿ ಅಂತ ಕೇಳ್ತಾರ” ಎಂದು ಹೊಟ್ಟೆ ಉರಿದುಕೊಂಡಳು.

ಎರಡನೆಯ ಸಲವೂ ಹಾಗೇ ಸಂಭ್ರಮ. ಮೂರನೆಯ ಸಲ ಶಿವಕಾಂತಮ್ಮ ಗಂಡನ ಮುಖ ನೋಡುತ್ತ ಗಂಟು ಕಟ್ಟಿದಳು. ನಾಲ್ಕನೆಯ ಸಲಕ್ಕೆ ಹಸೀನಾಬೇಗಂ ನಸೀಬಿನ ಮಾತು ಬಿಟ್ಟು, “ಎಲ್ಲಾ ಖೈರ್ ಅದಲ್ಲ?” ಎಂದು ಮೆಲ್ಲಗೆ ಕೇಳಿದಳು. ಪೇಪರಿನಲ್ಲಿ ಗೆಲುವೂ ಬರುತ್ತಿತ್ತು, ಸೋಲೂ ಬರುತ್ತಿತ್ತು. ಗೆದ್ದರೆ ತನ್ನ ಸಿದ್ಧಾಂತಕ್ಕೆ ಜಯ. ಸೋತರೆ ಅವಳು ಹೊತ್ತು ಮೀರಿ ಹೊರಟದ್ದು ಕಾರಣ, ಇಲ್ಲವೆ ಹೊಸ್ತಿಲಲ್ಲಿ ಹಿಂತಿರುಗಿ ನೋಡಿದ್ದು ಕಾರಣ.

ಮೇ ತಿಂಗಳು. ನಾಲವಾರದಿಂದ ತಿರುಗಿ ಬಂದ ಶಿವಕಾಂತಮ್ಮ ಕಾಲು ತೊಳೆಯದೆ ಅವನ ಎದುರು ನಿಂತಳು.

“ಯಾಕ್ರೀ, ನನ್ನ ಮಾರಿ ನೋಡಿ ನೋಡಿ ಬ್ಯಾಸರಾಗ್ಯದೇನು?”

“ಛೇ, ನಿನ್ನ ಮಾರಿ ಏನು ಮಾಡ್ಯದ?”

“ಮತ್ತ ಹೊಳ್ಳಿ ಹೊಳ್ಳಿ ಗಂಟು ಕಟ್ಟಿಸಿ ಗಾಡಿ ಹತ್ತಿಸ್ತೀರಿ. ನಾ ಏನು ಪಾರ್ಸಲ್ ಇದ್ದೀನೇನು? ಅಲ್ಲಿ ಅವ್ವ ಅಳ್ಲಿಕತ್ತಾಳ. ಮಠಕ್ಕ ಹೋದ್ರ ಹೆಣ್ಮಕ್ಕಳು ನನ್ನ ನೋಡಿ ಮಾತು ನಿಲ್ಲಸ್ತಾರ. ಆರು ವರ್ಸಾತು, ತೊಟ್ಟಿಲ ಕಟ್ಟಿಲ್ಲ, ನಿಮ್ಮ ಅಳಿಯ ಎರಡನೇ ಲಗ್ನಕ್ಕ ಹೆಣ್ಣು ನೋಡ್ಲಿಕತ್ತಾನ ಅಂತ ಅವ್ವಗ ಹೇಳ್ತಾರ. ಖರೇ ಹೇಳ್ರಿ.”

ಇಲ್ಲ ಎಂಬ ಎರಡಕ್ಷರ ಸಾಕಿತ್ತು. ಆ ಎರಡಕ್ಷರ ಹೇಳಿ ಒಂದು ತಂಬಿಗೆ ನೀರು ಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮಡಿವಾಳಯ್ಯನಿಗೆ ಸತ್ಯದ ಮೇಲೆ ಮಹಾ ವಿಶ್ವಾಸ. ಅವನು ಚಾಪೆಯ ಮೇಲೆ ಪೇಪರುಗಳನ್ನು ಹರಡಿ, ಲೀಗು ಎಂದರೇನು ಎಂದು ಶುರುಮಾಡಿದ. ಅಲ್ಲಿ ಮೇಲೆ ಒಂದು ಲೀಗು, ಕೆಳಗೆ ಒಂದು. ವರ್ಷದ ಕಡೆಗೆ ತಳದಲ್ಲಿ ಉಳಿದ ಇಬ್ಬರು ಮೇಲಿನದರಿಂದ ಇಳಿಯಬೇಕು. ಒಂದು ವರ್ಷ ಕೆಳಗೆ ಚೆನ್ನಾಗಿ ಆಡಿದರೆ ಮತ್ತೆ ಏರಬಹುದು. ಮ್ಯಾಂಚೆಸ್ಟರಿಗೆ ಈಗ ಆ ಗಂಡಾಂತರ. ಅದನ್ನು ತಪ್ಪಿಸಲಿಕ್ಕೇ ಅವಳನ್ನು ತವರಿಗೆ ಕಳಿಸಿದ್ದು. ಹೀಗೆ ಸಾಧಾರವಾಗಿ ರುಜುವಾತುಪಡಿಸಿ, ಹೆಂಡತಿ ಈಗ ನಕ್ಕು ಹಗುರಾಗುತ್ತಾಳೆ ಎಂದು ಕಾದ.

ಶಿವಕಾಂತಮ್ಮ ಪೇಪರುಗಳನ್ನು ಒಂದೊಂದಾಗಿ ಮಡಚಿ ಬದಿಗಿಟ್ಟಳು.

“ಸವತಿ ತರ್ತೀನಿ ಅಂದಿದ್ರ ಆಕಿ ಕೂಡ ಹೊಡದಾಡ್ತಿದ್ದೆ. ಚೆಂಡಿನ ಕೂಡ ಹೆಂಗ ಹೊಡದಾಡ್ಲಿ?”

“ನಿನಗ ತಿಳಿಯಂಗಿಲ್ಲ ಬಿಡು.”

ಈ ಸಲ ಅವಳು ಗಂಟು ಕಟ್ಟಲಿಲ್ಲ. ಲಗ್ನದಲ್ಲಿ ತಂದ ಟ್ರಂಕನ್ನೇ ಹೊರಗೆಳೆದಳು. ಟ್ರಂಕು ಹೊತ್ತು ಸ್ಟೇಷನ್ನಿಗೆ ಬಂದವನು ಮಡಿವಾಳಯ್ಯನೇ. ಎರಡು ದಿನಕ್ಕೆ ಸಿಟ್ಟು ಇಳಿದು ಬರುತ್ತಾಳೆಂದು ಅವನ ಲೆಕ್ಕ. ಗಾಡಿ ಸೀಟಿ ಊದಿದಾಗ ಅವಳು ಕಿಟಕಿಯಿಂದ ಕೇಳಿದಳು:

“ಆ ಪೇಪರು ಹಡಗಿನ್ಯಾಗ ಬರ್ತದ ಅಂದ್ರೆಲ್ಲ. ಎಷ್ಟು ದಿನದ್ದು ಇರ್ತದ?”

“ಮೂರು ವಾರದ್ದು. ಯಾಕ?”

“ಹಂಗಾದ್ರ ನೀವು ಓದೋ ದಿನ ನಾ ಎಲ್ಲಿದ್ರೇನು? ಅವ್ರು ಆಡೋ ದಿನ ಎಲ್ಲಿದ್ದೆ?”

ಗಾಡಿ ಹೊರಟಿತು. ಮಡಿವಾಳಯ್ಯ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಬೆರಳು ಮಡಚಿ ವಾರ ಎಣಿಸತೊಡಗಿದ. ಅವಳೆದುರು ಅವನು ವಾದ ಸೋತದ್ದು ಅದೇ ಮೊದಲು.

ಮನೆಗೆ ಬಂದು ಹಿಂದಿನದನ್ನೆಲ್ಲ ನೆನೆದು ಕೂಡಿಸಿ ನೋಡಿದ. ಏಳು ಗೋಲು ಬಿದ್ದ ಶನಿವಾರ ಶಿವಕಾಂತಮ್ಮ ನಾಲವಾರದಲ್ಲಿರಲಿಲ್ಲ. ಈ ಅಡಿಗೆಮನೆಯಲ್ಲೇ ಕೂತು, ಶೇಂಗಾ ಹಿಂಡಿಗೆ ಉಪ್ಪು ಹೆಚ್ಚಾಯಿತೆಂದ ಗಂಡನ ಜೊತೆ ಜಗಳಾಡಿ, ಆಮೇಲೆ ತಾನೇ ನಕ್ಕು ಎರಡನೆಯ ರೊಟ್ಟಿ ಹಾಕಿದ್ದಳು. ತವರಿಗೆ ಕಳಿಸಿ ಕಳಿಸಿ ಅವನು ಮನೆಯ ಲಕ್ಷ್ಮಿಯನ್ನೇ ಗಾಡಿ ಹತ್ತಿಸಿದ್ದ. ಮರುದಿನವೇ ಹೋಗಿ ಕರೆತರಬಹುದಿತ್ತು. ಆದರೆ ಎಂದೂ ಸೋಲದವನಿಗೆ ಸೋತವರು ಹೇಗೆ ನಡೆಯುತ್ತಾರೆ ಎನ್ನುವುದು ಗೊತ್ತಿರಲಿಲ್ಲ. ಅವಳೇ ಬರಲಿ ಎಂದು ಕೂತ. ತಾನೇ ಬಡಿದ ರೊಟ್ಟಿ ನಿಜಾಮರ ಸರಹದ್ದಿನ ನಕಾಶೆಯಂತೆ ಬರುತ್ತಿತ್ತು, ಅಂಚಿಗೆಲ್ಲ ಕರಿ. ಹಸೀನಾಬೇಗಂ ಗೋಡೆಯ ಮೇಲಿಂದ ಎರಡು ರೊಟ್ಟಿ ಕೊಡುವಳು, ಮಾತು ಮಾತ್ರ ಕೊಡಳು. ಸಂಜೆ ಮನೆಗೆ ಬಂದರೆ “ಯಾವನರೆ ಸತ್ತಾನೇನ್ರಿ?” ಎಂದು ಕೇಳುವವರಿಲ್ಲ.

ಮುಂದಿನ ಪೇಪರಿನಲ್ಲಿ ಆರು ಗೋಲಿನ ಗೆಲುವು. ಆ ಶನಿವಾರ ಅವಳು ಮನೆಯಲ್ಲಿದ್ದಳು. ಅದರ ಮುಂದಿನ ಪೇಪರು ವರ್ಷದ ಕಡೆಯ ಆಟದ್ದು. ಒಂದೇ ಒಂದು ಗೋಲಿನಿಂದ ಸೋಲು. ಆ ಶನಿವಾರ ಅವಳು ನಾಲವಾರದಲ್ಲಿದ್ದಳು, ಕಳಿಸಿದವನು ಅವನೇ. ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ತಂಡ, ಹೋದ ವರ್ಷದ ಚಕ್ರವರ್ತಿ, ಕೆಳಗಿನ ಲೀಗಿಗೆ ಇಳಿದಿತ್ತು. ಟ್ರಂಕು ಗಾಡಿ ಹತ್ತುವಾಗಲೇ ಅಲ್ಲಿ ಎಲ್ಲ ಮುಗಿದುಹೋಗಿತ್ತು. ಸುದ್ದಿ ಮಾತ್ರ ಹಡಗಿನಲ್ಲಿ ಬರುತ್ತಿತ್ತು.

“ಹೊಡೆಯೋದು ಬಂತು, ಕಾಯೋದು ಬರಲಿಲ್ಲ, ಬಾಬೂ” ಎಂದು ಪಿಂಟೋ ಸಾಹೇಬರು ಪೈಪು ಹಚ್ಚಿದರು. ಮಡಿವಾಳಯ್ಯ ಮುಂದಿನ ಪ್ಯಾಸೆಂಜರಿಗೇ ನಾಲವಾರಕ್ಕೆ ಹೊರಟ.

ಮಾವ ಗುರುಲಿಂಗಯ್ಯ ಮರ್ಯಾದಸ್ಥ ಮನುಷ್ಯ. “ಬರ್ರಿ, ಕುಂದ್ರಿ” ಎಂದು ಕಂಬಳಿ ಹಾಸಿದ. ಅತ್ತೆ ನೀಲಾಬಾಯಿ ಒಳಗಿಂದಲೇ ಮೂಗು ಒರೆಸುವ ಸಪ್ಪಳ ಮಾಡಿದಳು. ಶಿವಕಾಂತಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು.

ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡು ಬಂದಿದ್ದ: ಮನೆ ಬಣಬಣ ಅನ್ನುತ್ತದೆ, ದೀಪ ಹಚ್ಚುವವರಿಲ್ಲ, ನೀನಿಲ್ಲದೆ ನನಗೆ ಹೊತ್ತು ಹೋಗದು. ಆದರೆ ಬಾಯಿ ತೆರೆದಾಗ ಹೊರಬಿದ್ದದ್ದು ಬೇರೆಯೇ.

“ನೀ ಅಂದಿದ್ದೇ ಖರೇ, ಶಿವಕಾಂತಾ. ಲೆಕ್ಕ ಹಾಕಿದೆ. ನೀ ಮನ್ಯಾಗಿದ್ದಾಗೇ ಅವ್ರು ಗೆದ್ದಾರ!”

“ಹಂಗಾದ್ರ ಮುಂದಿನ ವರ್ಸ ಅವ್ರು ಗೆಲ್ಲಲಿ ಅಂತ ನನ್ನ ಕರೀಲಿಕ್ಕ ಬಂದೀರಿ?”

ಅಲ್ಲ ಎನ್ನಬೇಕಿತ್ತು. ಮತ್ತೆ ಎರಡೇ ಅಕ್ಷರ. ಆದರೆ ಹೆಂಡತಿ ತನ್ನ ಸಿದ್ಧಾಂತವನ್ನು ಇಷ್ಟು ಬೇಗ ಹಿಡಿದಳಲ್ಲ ಎಂಬ ಸಂತೋಷದಲ್ಲಿ ಮಡಿವಾಳಯ್ಯ, “ಹೌದ” ಎಂದುಬಿಟ್ಟ.

ಅವಳು ಸರ್ರನೆ ತಿರುಗಿ ಒಳಗೆ ಹೋದಳು.

ಊಟದ ಹೊತ್ತಾಯಿತು. ಆ ದೊಡ್ಡ ಮನೆಯಲ್ಲಿ ಎರಡು ಪಂಕ್ತಿ. ಮೊದಲನೆಯದು ಪಡಸಾಲೆಯಲ್ಲಿ, ಹಿರಿಯರಿಗೆ, ಅಳಿಯಂದಿರಿಗೆ: ಮಣೆ, ಎದುರಿಗೆ ಅಡ್ಡಣಿಗೆಯ ಮೇಲೆ ಹಿತ್ತಾಳೆ ತಾಟು, ಹೋಳಿಗೆ, ತುಪ್ಪ. ಎರಡನೆಯದು ಆಮೇಲೆ, ಅಂಗಳದಲ್ಲಿ, ಹೊಲದಿಂದ ಬಂದ ಆಳುಗಳಿಗೆ. ಮಡಿವಾಳಯ್ಯ ರೂಢಿಯಂತೆ ಮಾವನ ಬಲಗಡೆಯ ಮಣೆಯ ಮೇಲೆ ಕೂತು ತೋಳು ಮಡಚಿದ. ಶಿವಕಾಂತಮ್ಮ ಬಂದು ಅವನ ಮುಂದಿನ ಅಡ್ಡಣಿಗೆಯನ್ನು ಎತ್ತಿಕೊಂಡಳು.

“ಆ ಊರಾಗ ಸೋತವ್ರಿಗೆ ಏನು ಮಾಡ್ತಾರ ಅಂದಿದ್ರಿ?”

“ಕೆಳಗ... ಕೆಳಗಿನ ಲೀಗಿಗೆ ಇಳಸ್ತಾರ.”

“ಹಂಗಾದ್ರ ಏಳ್ರಿ. ನಿಮ್ಮ ಪಂಕ್ತಿ ಆಮ್ಯಾಲ ಅದ.”

ಮಡಿವಾಳಯ್ಯ ಮಾವನ ಮುಖ ನೋಡಿದ. ಗುರುಲಿಂಗಯ್ಯ ತಾಟಿನ ಅಂಚಿನ ಉಪ್ಪನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

“ಎಷ್ಟು ದಿನ?”

“ನೀವೇ ಹೇಳಿದ್ರೆಲ್ಲ, ಒಂದು ವರ್ಸ. ಛಂದ ಆಡಿದ್ರ ಆಮ್ಯಾಲ ನೋಡೂಣು. ನನಗೂ ಈಗ ತಿಳೀಲಿಕತ್ಯದ.”

ಮೊದಲ ಪಂಕ್ತಿ ಎದ್ದ ಮೇಲೆ ಅವನು ಅಂಗಳಕ್ಕೆ ಇಳಿದ. ಬರೀ ನೆಲ, ಮುತ್ತಲದ ಎಲೆ, ತಣ್ಣಗಾದ ರೊಟ್ಟಿ. ಶಿವಕಾಂತಮ್ಮ ಎಲ್ಲರಿಗೂ ಬಡಿಸುತ್ತ ಬಂದಳು. ಅವನ ಎಲೆಗೂ ಉಳಿದವರಷ್ಟೇ ಹಿಂಡಿ ಹಾಕಿ, ನಿಲ್ಲದೆ ಮುಂದೆ ಹೋದಳು. ಉಪ್ಪು ಹದವಾಗಿತ್ತು. ಯಾವಾಗಲೂ ಹದವಾಗಿಯೇ ಇರುತ್ತಿತ್ತು ಎಂದು ಅವನಿಗೆ ಈಗ ಹೊಳೆಯಿತು. ಹೇಳೋಣವೆಂದು ತಲೆ ಎತ್ತಿದಾಗ ಅವಳು ಪಂಕ್ತಿಯ ಆ ತುದಿಯಲ್ಲಿದ್ದಳು.

ಪಕ್ಕದಲ್ಲಿ ಕೂತಿದ್ದ ಮುದಿ ಆಳು ಅಂಬರಾಯ ತುತ್ತು ನಿಲ್ಲಿಸಿ ಕೇಳಿದ: “ಅಯ್ಯನವರ ಅಳಿಯಂದಿರು ಈ ಕಡಿ ಹೆಂಗ್ರಿ?”

“ಒಂದು ವರ್ಸದ ಮಟ್ಟಿಗೆ ಬಂದೀನಪ್ಪ. ಆಮ್ಯಾಲ ಮ್ಯಾಲ ಹೋಗ್ತೀನಿ.”

“ಕುಂದ್ರಿ, ಕುಂದ್ರಿ” ಎಂದು ಅಂಬರಾಯ ಸರಿದು ಜಾಗ ಕೊಟ್ಟ. “ನಲವತ್ತು ವರ್ಸ ಆತು ನಾ ಇಲ್ಲಿ ಉಣ್ಲಿಕತ್ತು. ಈ ಪಂಕ್ತ್ಯಾಗಿಂದ ಮ್ಯಾಲ ಹೋದವ್ರನ್ನ ಇನ್ನಾ ಕಂಡಿಲ್ಲ ನೋಡ್ರಿ.”